ಏರಿದಷ್ಟಕ್ಕೆ ಬೆಲ್ಲ

ಅನ್ವಿ, ಓಂಕಾರ,

ಹೋದ ತಿಂಗಳು ಜೇಜುರಿಯ ಖಂಡೋಬಾನಿಗೆ ಹೋಗಿ ಮರಳುವಾಗ, ದಾರಿಯಲ್ಲಿ ಗಾಡಿ ನಿಲ್ಲಿಸಿರಿ ಎಂದು ನಾನು ಕೇಳಿದ್ದು ನಿಮಗೆ ನೆನಪಿರಬೇಕು. ನಾನು ಹಾಗೆ ಏನನ್ನೂ ಕೇಳುವವಳಲ್ಲ. ಅದಕ್ಕೇ ನಿಮ್ಮ ಅಪ್ಪ ಗಾಬರಿಯಾಗಿ, "ಅತ್ತಿಯವರ, ವಾಂತಿ ಬಂದಂಗ ಆಗ್ಯದೇನ್ರಿ?" ಎಂದರು. ಇಲ್ಲ, ಇಲ್ಲಿ ಒಳಗೊಂದು ವಾಡಿ, ಸಣ್ಣ ಹಳ್ಳಿ, ಇದೆ, ಎರಡು ನಿಮಿಷ ನೋಡಿ ಬರೋಣ ಎಂದೆ. ನಿಮ್ಮಿಬ್ಬರ ಹಣೆ, ಕೂದಲು, ಅಂಗಿ ಎಲ್ಲ ಭಂಡಾರದ ಅರಿಶಿಣವಾಗಿತ್ತು. ವಾಡಿಯ ಗುಡಿಯ ಮುಂದೆ ಇಳಿದಾಗ ಯಾರದೋ ಮನೆಯಲ್ಲಿ ಗೋಧಿ ನುಚ್ಚು ಬೇಯುತ್ತಿತ್ತು. ಅರಿಶಿಣದ ವಾಸನೆ, ಬೆಂದ ಗೋಧಿಯ ವಾಸನೆ ಎರಡೂ ಕೂಡಿದವು ನೋಡಿ, ನನ್ನ ಕಾಲು ಅಲ್ಲೇ ನಿಂತುಬಿಟ್ಟವು.

ಗುಡಿಯ ಮುಂದೆ ತಗಡು ಹೊದಿಸಿದ ಸಭಾಮಂಟಪ. ಅದರ ನಡುತೊಲೆಯಲ್ಲಿ ಒಂದು ಕಬ್ಬಿಣದ ಕೊಕ್ಕೆ. ನಾನು ತಲೆಯೆತ್ತಿ ಅದನ್ನೇ ನೋಡುತ್ತಿದ್ದೆ. "ಅಜ್ಜಿ, ಏನ ನೋಡಾಕತ್ತಿ?" ಎಂದು ಓಂಕಾರ ಕೇಳಿದ. ಕೊಕ್ಕೆ ಎಂದೆ. "ಅದರಾಗ ಏನದ?" ಎಂದ. ಏನಿಲ್ಲ ಎಂದೆ. ನಿಮ್ಮ ಅಮ್ಮ ನನ್ನ ಕಣ್ಣು ನೋಡಿ ನಿಮ್ಮನ್ನು ಗಾಡಿಯ ಕಡೆ ಕರೆದೊಯ್ದಳು. ನನಗೆ ಬಾಯಿಂದ ಹೇಳಲು ಬರುವುದಿಲ್ಲ. ಏಳನೆಯ ಇಯತ್ತೆವರೆಗೆ ಊರ ಸಾಲೆಯಲ್ಲಿ ಕಲಿತದ್ದು, ಬರೆಯಲು ಬರುತ್ತದೆ. ನಿಮಗೆ ಕನ್ನಡ ಅಕ್ಷರ ಕೂಡಿಸಿ ಓದಲು ಬೇಸರವಾದರೆ ಅಮ್ಮ ಓದಿ ಹೇಳಲಿ. ಅವಳೂ ಇದರಲ್ಲಿ ಇದ್ದಾಳೆ, ಆದರೆ ಅವಳಿಗೆ ಒಂದೂ ನೆನಪಿಲ್ಲ. ನಾಲ್ಕು ವರ್ಷದವಳಿದ್ದಳು.

ಆಗ ನಾವು ಪುಣೆಯ ಸದಾಶಿವ ಪೇಠದ ಒಂದು ಹಳೆಯ ವಾಡೆಯಲ್ಲಿ, ಮೆಟ್ಟಿಲ ಕೆಳಗಿನ ಒಂದೇ ಖೋಲಿಯಲ್ಲಿ ಇದ್ದೆವು. ನಿಮ್ಮ ಅಜ್ಜ ಉಸುಕು, ಖಡಿ ಅಂದರೆ ಜಲ್ಲಿಕಲ್ಲು, ಇಟ್ಟಂಗಿ ಮಾರುವ ಒಬ್ಬ ಸಾವ್ಕಾರರ ಪೇಢಿಯಲ್ಲಿ ಗುಮಾಸ್ತೆ. ಒಂದು ದಸರೆಯ ಮರುದಿನ ಸಾವ್ಕಾರರು ಅವರನ್ನು ಕರೆದು, ಜೇಜುರಿ ರಸ್ತೆಯ ಕಡೆ ಹೊಸ ಖಡಿ ಕ್ರಶರ್ ಹಿಡಿದಿದ್ದೇನೆ, ಅಲ್ಲಿಯ ಕಾಟಾದ ಮೇಲೆ ನಂಬಿಗಸ್ತ ಮನುಷ್ಯ ಬೇಕು, ಮಳೆಗಾಲದವರೆಗೆ ಹೋಗಿ ಇರಿ ಎಂದರು. ಕಾಟಾ ಅಂದರೆ ಲಾರಿ ತೂಗುವ ದೊಡ್ಡ ತಕ್ಕಡಿ. ನೆಲಕ್ಕೆ ಸಮನಾಗಿ ಕಬ್ಬಿಣದ ಹಾಸು, ಪಕ್ಕದಲ್ಲಿ ಗೂಡಿನಂಥ ಕೋಣೆ, ಅದರೊಳಗೆ ನಿಮ್ಮ ಅಜ್ಜ. ನಾವು ಹಾಸಿಗೆ ಸುತ್ತಿಕೊಂಡು, ಸ್ಟೋವ್ ಕೈಯಲ್ಲಿ ಹಿಡಿದುಕೊಂಡು ಆ ವಾಡಿಗೆ ಹೋದೆವು.

ಮೊದಲ ದಿನಗಳು ನನಗೆ ಬಹಳ ಕಷ್ಟವಾದವು. ಪುಣೆಯಲ್ಲಿ ಮರಾಠಿ ಮಾತನಾಡದೆ ನಡೆಯುತ್ತಿತ್ತು. ವಾಡೆಯಲ್ಲಿ ಧಾರವಾಡದ ಕಡೆಯವರು ಇದ್ದರು, ಕಾಯಿಪಲ್ಯದವನಿಗೆ ಬೆರಳು ತೋರಿಸಿದರೆ ಸಾಕಿತ್ತು. ಇಲ್ಲಿ ಬಾವಿಯ ಕಟ್ಟೆಯ ಮೇಲೆ ಹೆಂಗಸರು ನನ್ನನ್ನು ಸುತ್ತುಗಟ್ಟಿ ಒಂದಕ್ಕೊಂದು ಕೇಳುವರು. ನಾನು ಸೆರಗು ಬಾಯಿಗೆ ಹಿಡಿದು ಹೂಂ, ಉಹೂಂ ಅನ್ನುವೆ. "ಈ ಕಾನಡಿ ವಹಿನಿಗೆ ದೇವರು ನಾಲಿಗೆ ಕೊಟ್ಟಾನೋ ಇಲ್ಲೋ?" ಎಂದು ಅವರ ಭಾಷೆಯಲ್ಲಿ ನಗುವರು. ವಹಿನಿ ಅಂದರೆ ಅತ್ತಿಗೆ. ನನಗೆ ತಿಳಿಯುತ್ತಿತ್ತು. ತಿಳಿದೂ ಉತ್ತರ ಬರುತ್ತಿರಲಿಲ್ಲ. ಕೊಡ ಹೊತ್ತು ಬಂದುಬಿಡುತ್ತಿದ್ದೆ.

ನಿಮ್ಮ ಅಮ್ಮ ಸುಧಾ ಮಾತ್ರ ನನ್ನ ಹಾಗಲ್ಲ. ಒಂದು ಬೆಳಿಗ್ಗೆ ಗುಡಿಯ ಮಂಟಪದಲ್ಲಿ ಹಾಡು ಕೇಳಿ ಓಡಿಬಿಟ್ಟಳು. ನಾನು ಹಿಂದೆ ಓಡಿದೆ. ಅಲ್ಲಿ ಅಂಗನವಾಡಿ ನಡೆಯುತ್ತಿತ್ತು. ನಡೆಯುತ್ತಿತ್ತು ಎಂದು ಬರೆಯಬಾರದೇನೋ. ಒಂದು ಹರಿದ ಜಮಖಾನೆ, ಮೂಲೆಯಲ್ಲಿ ತಗಡಿನ ಪೆಟ್ಟಿಗೆ, ಗೋಡೆಗೆ ಬಣ್ಣ ಹೋದ ಹಣ್ಣುಗಳ ಚಿತ್ರ. ಮೂರೋ ನಾಲ್ಕೋ ಮಕ್ಕಳು, ಅವರ ನಡುವೆ ಒಂದು ಆಡು. ಆಡಿನ ಕಿವಿ ಹಿಡಿದು ಹೊರಗೆ ಎಳೆಯುತ್ತ ಹಾಡನ್ನೂ ಬಿಡದೆ ಹಾಡುತ್ತಿದ್ದವಳು ಸುಮನತಾಯಿ, ಅಲ್ಲಿಯ ಬಾಯಿ, ಅಂದರೆ ಟೀಚರು. ಆ ವಾಡಿಯ ಸೊಸೆ. ನನಗಿಂತ ಎರಡು ವರ್ಷ ದೊಡ್ಡವಳಿರಬೇಕು. ಅಡಿಗೆ ಮಾಡುವ ಸಹಾಯಕಿ ಬಿಟ್ಟುಹೋಗಿ ಬಹಳ ದಿನವಾಗಿತ್ತು. ಅವಳೇ ಹಾಡಬೇಕು, ಅವಳೇ ಮೂಗು ಒರೆಸಬೇಕು, ಅವಳೇ ಒಲೆ ಊದಬೇಕು, ಪೋಲಿಯೋ ಹನಿ ಬಂದರೆ ಮನೆಮನೆಗೂ ಅವಳೇ ತಿರುಗಬೇಕು. ಅಂದು ಹಾಡಿನ ನಡುವೆ ನುಚ್ಚು ತಳ ಹತ್ತಿತು. ನಾನು ಕಂಬಕ್ಕೆ ಒರಗಿ ನೋಡುತ್ತ ನಿಂತವಳು ತಡೆಯಲಾರದೆ ಹೋಗಿ ಸೌಟು ಹಿಡಿದೆ. ಸುಮನತಾಯಿ ತಿರುಗಿ ನೋಡಿ, "ಬರೇ ನಿಂತ ನೋಡೂಕಿ ಅಂತ ತಿಳಕೊಂಡಿದ್ದೆ. ನಾಳೆಯಿಂದ ಮೊದಲ ಬಾ, ತಳ ಹತ್ತೂಕಿಂತ ಮೊದಲ" ಎಂದಳು. ಮರಾಠಿಯಲ್ಲೇ ಹೇಳಿದ್ದು. ನನ್ನ ಕಿವಿಯಲ್ಲಿ ಮಾತ್ರ ಅದು ಕನ್ನಡವಾಗಿಯೇ ಉಳಿದಿದೆ.

ಹಾಗೆ ನಾನು ದಿನಾಲು ಹೋಗತೊಡಗಿದೆ. ಸುಧಾ ಜಮಖಾನೆಯ ಮೇಲೆ, ನಾನು ಒಲೆಯ ಮುಂದೆ. ಮಕ್ಕಳು ಯಾಕಿಷ್ಟು ಕಡಿಮೆ ಎಂಬುದು ನನಗೆ ಬೇಗ ತಿಳಿಯಿತು. ಮಂಟಪದ ಮುಂದಿನಿಂದಲೇ ಬೆಳಿಗ್ಗೆ ಒಂದು ಟ್ರ್ಯಾಕ್ಸ್ ಗಾಡಿ ಹಾಯುತ್ತಿತ್ತು. ಅದರ ತುಂಬ ವಾಡಿಯ ಮಕ್ಕಳು, ಕೊರಳಿಗೆ ಕೆಂಪು ಟೈ, ಕಾಲಿಗೆ ಬೂಟು. ಜೇಜುರಿಯಲ್ಲಿ ಇಂಗ್ಲಿಷ್ ಬಾಲಮಂದಿರ ತೆರೆದಿದ್ದರು. ಹೊಲ ಮಾರಿದವರು, ಹಾಲು ಹಾಕುವವರು, ಎಲ್ಲರೂ ಕಳಿಸುತ್ತಿದ್ದರು. ಒಬ್ಬ ತಾಯಿ ಸುಮನತಾಯಿಯ ಮುಖದ ಮೇಲೆಯೇ, "ನಿನ್ನ ಹತ್ತರ ಕಳಿಸಿದರ ಆಡು ಕಾಯಾಕ ಕಲೀತಾವ" ಎಂದಿದ್ದಳು. ಸುಮನತಾಯಿ ನಗುತ್ತಲೇ, "ಅದಾದರೂ ಬರಲಿ ತಗೋ, ನಿನ್ನ ಗಂಡಗ ಅದೂ ಬರಾಂಗಿಲ್ಲ" ಎಂದು ಕಳಿಸಿದಳು. ಆಮೇಲೆ ಪೆಟ್ಟಿಗೆಯ ಮೇಲೆ ಕೂತು ಹಾಜರಿ ಪುಸ್ತಕದ ಖಾಲಿ ಮನೆಗಳನ್ನು ಎಣಿಸಿದಳು.

ದೀಪಾವಳಿ ಆಗಿ ಕೆಲವು ದಿನಕ್ಕೆ ಮೇಲಿನ ಮ್ಯಾಡಮ್ ಬಂದರು. ಹತ್ತಾರು ಅಂಗನವಾಡಿಗಳ ಮೇಲ್ವಿಚಾರಣೆ ಅವರದು. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದು ಬೆವರಿದ್ದರು. ಖಾಲಿ ಜಮಖಾನೆ ನೋಡಿದರು. ಸಂಕ್ರಾಂತಿ ಆದ ಮೇಲೆ ಮತ್ತೊಮ್ಮೆ ಬರುತ್ತೇನೆ, ಆಗಲೂ ಹೀಗೇ ಇದ್ದರೆ ಈ ಅಂಗನವಾಡಿಯನ್ನು ರಸ್ತೆಯ ಆಚೆಗಿನ ದೊಡ್ಡ ಊರಿಗೆ ಒಯ್ಯಬೇಕಾಗುತ್ತದೆ ಎಂದರು. ಆ ರಸ್ತೆಯಲ್ಲಿ ಖಡಿಯ ಲಾರಿಗಳು ಹಗಲೆಲ್ಲ ಓಡುತ್ತಿದ್ದವು. ದುಡಿಯಲು ಹೋಗುವ ಯಾವ ತಾಯಿ ಮೂರು ವರ್ಷದ ಕೂಸನ್ನು ಅದನ್ನು ದಾಟಿಸಿ ಬಿಟ್ಟು ಬಂದಾಳು? ಒಯ್ದರೆ ವಾಡಿಯ ಪಾಲಿಗೆ ಮುಗಿದಂತೆ. ಮ್ಯಾಡಮ್ ಹೋದ ಮೇಲೆ ಸುಮನತಾಯಿ ನನ್ನ ಕಡೆ ನೋಡಿದಳು. "ಈ ವಾಡ್ಯಾಗ ನಾ ಸೊಸಿಯಾಗಿ ಬಂದಾಗ ಇಲ್ಲಿ ದನಾ ಕಟ್ಟತಿದ್ದರು, ಗೊತ್ತದೇನು?" ಎಂದಳಷ್ಟೆ.

ಅಂದು ಸಂಜೆ ನಾನು ನಿಮ್ಮ ಅಜ್ಜನಿಗೆ ಊಟದ ಡಬ್ಬಿ ಕೊಡಲು ಕ್ರಶರಿಗೆ ಹೋದೆ. ಅಲ್ಲಿ ಬಿಜಾಪುರದ ಕಡೆಯ ಜನ ಕಲ್ಲು ಒಡೆಯುತ್ತಿದ್ದರು. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಈ ಕಡೆ ದುಡಿಯಲು ಬಂದು, ಮತ್ತೆ ಮಳೆಗೆ ಮೊದಲು ಊರಿಗೆ ಹೋಗುವವರು. ಗುಡಿಸಲ ಸಾಲು ಕಾಟಾದ ಹಿಂದೆಯೇ ಇತ್ತು. ಧೂಳಿನಲ್ಲಿ ಒಂದು ಹುಡುಗಿ ಕೂತಿತ್ತು. ಹಳೆಯ ಸೀರೆಯ ಅಂಚನ್ನು ಹರಿದು ಅದರ ಕಾಲಿಗೆ ಕಟ್ಟಿ, ಇನ್ನೊಂದು ತುದಿಯನ್ನು ದೊಡ್ಡ ಕಲ್ಲಿಗೆ ಕಟ್ಟಿದ್ದರು, ಲಾರಿಯ ಕೆಳಗೆ ಹೋಗಬಾರದೆಂದು. ಹುಬ್ಬಿನವರೆಗೆ ಬಿಳಿ ಧೂಳು. ಅದು ನನ್ನ ಕಡೆ ನೋಡಿ, "ಯಕ್ಕಾ, ಬಿಚ್ಚ" ಎಂದಿತು. ಕನ್ನಡದಲ್ಲಿ.

ಆ ಹುಡುಗಿಯೇ ದುರ್ಗಿ. ಸುಧಾಳ ವಯಸ್ಸೇ, ಮೈಯಲ್ಲಿ ಅವಳ ಅರ್ಧ ಇದ್ದಳು.

ಮರುದಿನ ನಾನು ಗುಡಿಸಲುಗಳಿಗೆ ಹೋದೆ. ನನ್ನ ಜೀವನದಲ್ಲಿ ಮೊದಲ ಸಲ ಯಾರನ್ನಾದರೂ ಕರೆಯಲು ನಾನಾಗಿ ಹೋದದ್ದು. ಕನ್ನಡ ಕೇಳಿ ಹೆಂಗಸರು ಸುತ್ತಿಗೆ ಕೆಳಗಿಟ್ಟರು. ದುರ್ಗಿಯ ಅಜ್ಜಿ ಹನಮವ್ವ ಅವರಿಗೆಲ್ಲ ಹಿರಿಯಳು. ಬೆಳ್ಳಿಯ ಕಡಗದಂಥ ಗಟ್ಟಿ ಮುದುಕಿ. "ಮುನೀಮರ ಮನಿಯವರು ಬಂದಾರ ನೋಡ್ರೇ. ನಮ್ಮ ಮಾತ ಆಡತಾರ!" ಎಂದು ಕೂಗಿದಳು. ಲೆಕ್ಕ ಬರೆಯುವ ನಿಮ್ಮ ಅಜ್ಜನನ್ನು ಅವರು ಮುನೀಮರು ಅನ್ನುತ್ತಿದ್ದರು. ಮಕ್ಕಳನ್ನು ಕೊಡಿರಿ, ಗುಡಿಯಲ್ಲಿ ನುಚ್ಚು ಉಣಿಸುತ್ತೇವೆ, ಹಾಡು ಹೇಳಿಸುತ್ತೇವೆ, ಸಂಜೆಗೆ ನಾನೇ ತಂದುಬಿಡುತ್ತೇನೆ ಎಂದೆ. ಗುಡಿ ಯಾವ ದೇವರದು ಎಂದು ಕೇಳಿದರು. ಖಂಡೋಬಾ ಎಂದೆ. "ಅಂದರ ನಮ್ಮ ಮೈಲಾರಲಿಂಗನ. ಹೇಳ್ರೆವಾ ಮತ್ತ, ಇನ್ನೇನು!" ಎಂದಳು ಹನಮವ್ವ. ದುರ್ಗಿಯ ಕಾಲಿನ ಗಂಟು ಅವಳೇ ಬಿಚ್ಚಿದಳು.

ಜಮಖಾನೆ ತುಂಬಿತು. ಸುಮನತಾಯಿ ಮರಾಠಿಯಲ್ಲಿ ಹಾಡಿದರೆ ನಾನು ಅದನ್ನೇ ಕನ್ನಡದಲ್ಲಿ ಒಲೆಯ ಮುಂದಿನಿಂದ ಹೇಳುವೆ. ಸಣ್ಣ ಖಡಿಗಳನ್ನು ತೊಳೆದು ಎಣಿಸಲು ಕೊಟ್ಟೆವು. ಅದು ಮಾತ್ರ ನಮ್ಮಲ್ಲಿ ಬೇಕಾದಷ್ಟಿತ್ತು. ಆದರೆ ತಿಂಗಳಿಗೊಮ್ಮೆ ಮಕ್ಕಳನ್ನು ತೂಗಬೇಕೆಂಬ ನಿಯಮವಿತ್ತು. ಆ ಕೊಕ್ಕೆ ಅದಕ್ಕೇ. ಅದಕ್ಕೆ ಮುಳ್ಳಿನ ತಕ್ಕಡಿ ತೂಗುಹಾಕಿ, ಕೆಳಗೆ ಚಡ್ಡಿಯಂಥ ಬಟ್ಟೆಯ ಚೀಲ ಕಟ್ಟಿ, ಕೂಸನ್ನು ಅದರೊಳಗೆ ಇಳಿಬಿಡುವುದು. ತಾಯಂದಿರು ಬರಬೇಕು ಎಂದಾಗ ಗುಡಿಸಲ ಹೆಂಗಸರು ಗದ್ದಲ ಎಬ್ಬಿಸಿದರು.

"ಕೂಸು ಏನ ಉಳ್ಳಾಗಡ್ಡಿ ಏನ್ರಿ ತೂಗಾಕ?"

"ತೂಗಿದ ಕೂಸಿಗೆ ನೆದರ ಆಗ್ತದ್ರಿ, ದೃಷ್ಟಿ ತಾಗ್ತದ. ಬೆಳ್ಯಾಂಗಿಲ್ಲ."

ಸುಮನತಾಯಿಗೆ ಭಾಷೆ ತಿಳಿಯದು, ನನಗೆ ಉತ್ತರ ತಿಳಿಯದು. ಇಬ್ಬರೂ ನಿಂತಿದ್ದಾಗ ಸುಧಾ ತಾನೇ ಹೋಗಿ ಚೀಲದಲ್ಲಿ ಕಾಲು ಹಾಕಿ, "ನನ್ನ ತೂಗ್ರಿ!" ಎಂದು ಜೋತುಬಿದ್ದಳು. ಗರ್ಭಗುಡಿಯ ಎದುರಿಗೆ, ಹಣೆಯ ಮೇಲೆ ಭಂಡಾರ, ಕೂಸು ತಕ್ಕಡಿಯಲ್ಲಿ. ಹನಮವ್ವ ಒಮ್ಮೆಲೇ ಕೈಮುಗಿದಳು. "ಯವ್ವಾ, ಇದು ತೂಗೂದಲ್ಲರೇ! ತುಲಾಭಾರ!"

ಗದ್ದಲ ನಿಂತುಹೋಯಿತು. ಹರಕೆ ಹೊತ್ತು ದೇವರ ಮುಂದೆ ಕೂಸಿನ ತೂಕದಷ್ಟು ಬೆಲ್ಲ ತೂಗಿಕೊಡುವುದನ್ನು ಅವರೆಲ್ಲ ಕಂಡವರು, ತಮಗೆ ಆಗದ್ದು ಎಂದು ಬಿಟ್ಟವರು. ಒಬ್ಬೊಬ್ಬರಾಗಿ ತಾವೇ ಮಕ್ಕಳನ್ನು ಚೀಲಕ್ಕೆ ಇಳಿಸಿದರು, ಭಂಡಾರ ಹಚ್ಚಿದರು, ಏಳುಕೋಟಿ ಎಂದು ಮೈಲಾರಲಿಂಗನ ಘೋಷ ಕೂಗಿದರು. ಮುಳ್ಳು ಎಷ್ಟಕ್ಕೆ ನಿಂತಿತೆಂದು ಬರೆದುಕೊಳ್ಳುತ್ತ ಸುಮನತಾಯಿ ನನಗೆ ಕಣ್ಣು ಹೊಡೆದಳು. ದುರ್ಗಿಯ ಸರದಿ ಬಂದಾಗ ಮುಳ್ಳು ಅಷ್ಟು ಕಡಿಮೆಗೆ ನಿಂತಿತು, ಸುಮನತಾಯಿಯ ನಗು ಹೋಯಿತು.

ಆ ತಿಂಗಳು ಹೇಗೆ ಕಳೆಯಿತೋ. ಚಳಿ ಬಿದ್ದಿತ್ತು, ಬೆಳಿಗ್ಗೆ ಮಕ್ಕಳು ಒಲೆಯ ಸುತ್ತ ಕೋಳಿಮರಿಗಳ ಹಾಗೆ ಕೂಡುತ್ತಿದ್ದವು. ಬಾವಿಯ ಹೆಂಗಸರು, "ವಹಿನಿ ನಾಲಿಗೆ ಕಲ್ಲಿನ ಗಣಿಯಾಗ ಸಿಕ್ಕಿತಂತ" ಎಂದು ಚೇಷ್ಟೆ ಮಾಡಿದರು. ನಾನು ಮೊದಲ ಸಲ ಮರಾಠಿಯಲ್ಲಿ, "ಹೌದು, ಧೂಳ ಝಾಡಿಸಿ ತಂದೇನಿ" ಎಂದೆ. ಅವರು ಕೊಡ ಬಿಟ್ಟು ನಕ್ಕರು.

ಸಂಕ್ರಾಂತಿ ಹತ್ತಿರ ಬಂತು. ನಾಳೆ ಮತ್ತೆ ತೂಗುವ ದಿನ ಎಂದು ಮಕ್ಕಳನ್ನು ಬಿಡಲು ಹೋದಾಗ ಹೇಳಿ ಬಂದೆ. ಮರುದಿನ ಗುಡಿಸಲಿನಿಂದ ಒಂದೂ ಕೂಸು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮ್ಯಾಡಮ್ ಬರುವುದು ಇನ್ನೇನು ಕೆಲವೇ ದಿನ. ಬೇಯಿಸಿದ ನುಚ್ಚನ್ನು ಆಡುಗಳಿಗೆ ಹಾಕುತ್ತ ಸುಮನತಾಯಿ, "ನಿನ್ನ ಜನ ನನಗ ಹಿಂಗ ಮಾಡಿದರಲ್ಲ" ಎಂದಳು. ಆ ಮಾತು ನನಗೆ ನಾಟಿತು.

ನಾನು ಹೋದೆ. ದುರ್ಗಿಯ ಕಾಲಿಗೆ ಮತ್ತೆ ಸೀರೆಯ ಅಂಚು. ಹನಮವ್ವ ಕಲ್ಲಿನ ಕಡೆಯೇ ನೋಡುತ್ತ ಒಡೆಯುತ್ತಿದ್ದಳು. ಬಹಳ ಕೇಳಿದ ಮೇಲೆ ಹೇಳಿದಳು: "ಮೊದಲನೆ ತುಲಾಭಾರದ ಬೆಲ್ಲಾನೇ ಕೊಟ್ಟಿಲ್ಲ ಬಾಯಾರ. ಹೋಗ್ಲಿ, ಊರಿಗೆ ಹೋಗಿ ಜ್ವಾಳಾ ಬಂದ ಮ್ಯಾಲ ತೀರಿಸೂಣು ಅಂತ ಮನಸಿನ್ಯಾಗ ಬೇಡಕೊಂಡಿದ್ದೆ. ಈಗ ಎಲ್ಡನೇದು ಅಂತೀರಿ. ದೇವರ ಮುಂದ ಕೂಸಿನ ಕೂಡಿಸಿ ಕೈ ಬೀಸಿಕೊಂತ ಬರಾಕ ನಮಗ ಮಾರಿ ಎಲ್ಲದ? ಆ ಗುಡ್ಯಾಗ ಹೆಜ್ಜಿ ಇಡಾಕ ಅಂಜಿಕಿ ಬರ್ತದ."

ತುಲಾಭಾರ ಅಂದಾಗ ನಾವಿಬ್ಬರೂ ಖುಷಿಪಟ್ಟಿದ್ದೆವು. ಆ ಮಾತಿನ ಹಿಂದೆ ಬೆಲ್ಲ ಇದೆಯೆಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಸುಳ್ಳು, ಅದು ತುಲಾಭಾರ ಅಲ್ಲ, ಬರೇ ತೂಕ ಎಂದರೆ ಮತ್ತೆ ನೆದರಿನ ಭಯ. ಹೌದು ಎಂದರೆ ಬೆಲ್ಲ.

ಆ ಸಂಜೆ ನಾನು ರೊಟ್ಟಿ ಬಡಿಯುತ್ತ ನಿಮ್ಮ ಅಜ್ಜನ ಮುಂದೆ ಇದನ್ನೆಲ್ಲ ಹೇಳಿಕೊಂಡೆ. ಅವರು ಕಡಿಮೆ ಮಾತಿನವರು, ಆದರೆ ಕಾಟಾದ ಸುದ್ದಿ ಬಂದರೆ ನಿಲ್ಲಿಸುತ್ತಿರಲಿಲ್ಲ. ನಕ್ಕರು. "ನಿಮ್ಮ ದೇವರಿಗೆ ನಮ್ಮ ಕಾಟಾದಷ್ಟೂ ತಿಳಿವಳಿಕಿ ಇಲ್ಲೇನು? ನಾವು ಖಾಲಿ ಗಾಡಿ ಮೊದಲ ತೂಗತೀವಿ. ತುಂಬಿ ಬಂದ ಮ್ಯಾಲ ಮತ್ತ ತೂಗತೀವಿ. ಗಾಡಿ ತೂಕ ಕಳದು ಉಳದದ್ದಷ್ಟ ಮಾಲು. ಗಾಡಿಗೆ ಯಾರಾದರೂ ಖಡಿ ದರಾ ಹಚ್ಚತಾರೇನು? ಹೂಂ, ಇನ್ನೊಂದ ರೊಟ್ಟಿ ಹಾಕು."

ನಾನು ರೊಟ್ಟಿ ಹಾಕುವುದನ್ನು ಮರೆತು ಕೂತೆ.

ಮರುದಿನ ಬೆಳಿಗ್ಗೆ ಗಣಿಯ ದಂಡೆಯಲ್ಲಿ ನಿಂತೆ. ಎಲ್ಲ ಕಡೆ ಸುತ್ತಿಗೆಯ ಸದ್ದು. ಎರಡು ಸಲ ಬಾಯಿ ತೆರೆದೆ, ದನಿ ಹೊರಡಲಿಲ್ಲ. ಹನಮವ್ವ ನೋಡಿದಳು. "ಸುಮ್ಕಾಗ್ರೇ! ಮುನೀಮರ ಮನಿಯವರು ಏನೋ ಹೇಳಾಕ ನಿಂತಾರ. ಅವರು ಮಾತಾಡೂದ ವರ್ಷಕ್ಕೊಮ್ಮೆ!" ಎಂದು ಗದರಿದಳು. ಸುತ್ತಿಗೆಗಳು ನಿಂತವು. ಗಂಡಸರೂ ನೋಡುತ್ತಿದ್ದರು. ನಾನು ಸೆರಗು ಬಿಗಿಹಿಡಿದು, ನೆಲ ನೋಡುತ್ತ ಹೇಳಿದೆ: "ಕೂಸು ದೇವರು ಕೊಟ್ಟದ್ದು. ಅದು ಖಾಲಿ ಗಾಡಿ. ಖಾಲಿ ಗಾಡಿಗೆ ಬೆಲ್ಲಾ ಇಲ್ಲ. ಹೋದ ಸಲ ತೂಗಿದ್ದು ಗಾಡಿ ತೂಕ. ಇನ್ನ ಮ್ಯಾಲ ಎಷ್ಟು ಏರತದೋ ಅಷ್ಟಕ್ಕ ಮಾತ್ರ ಬೆಲ್ಲ. ಅದೂ ದೇವರ ಮುಂದ ಇಡೂದು ಬ್ಯಾಡ, ನುಚ್ಚಿನ ಬೋಗಾಣಿಗೆ ಹಾಕೂದು. ಹುಡುಗೂರು ಉಣ್ಣಲಿ."

ಲಾರಿ ತುಂಬುವ ಜನ ಅವರು. ಖಾಲಿ ಗಾಡಿ ಎಂದರೆ ಬೇರೆ ಬಿಡಿಸಿ ಹೇಳಬೇಕಾಗಲಿಲ್ಲ. ತಲೆಗಳು ಅಲ್ಲಾಡಿದವು. ಆಗ ಹಿಂದಿನಿಂದ ಒಬ್ಬಳು, ದುರ್ಗಿಯ ತಾಯಿಯೇ, ಮೆಲ್ಲಗೆ ಕೇಳಿದಳು:

"ತೂಕಾ ಇಳದಿತ್ತಂದ್ರ?"

ಗಾಳಿಗೆ ಧೂಳೆದ್ದು ಎಲ್ಲರೂ ಕಣ್ಣು ಮುಚ್ಚಿದೆವು. ಹನಮವ್ವ ಸುತ್ತಿಗೆ ಎತ್ತಿಕೊಂಡು, ಕಲ್ಲಿಗೆ ಒಂದು ಏಟು ಹಾಕಿ ಹೇಳಿದಳು: "ಇಳದಿತ್ತಂದ್ರ ಅದು ದೇವರ ಬಾಕಿ. ಅವನೇ ಕೊಡಲಿ."

ಹೀಗೆ ಶುರುವಾಯಿತು. ತೂಕ ಏರಿದ ಕೂಸಿನ ತಾಯಿ ಒಂದು ಚಿಟಿಕೆ, ಒಂದು ಬೋರೆಹಣ್ಣಿನಷ್ಟು ಬೆಲ್ಲವನ್ನು ಸೆರಗಿನ ತುದಿಯಲ್ಲಿ ಕಟ್ಟಿ ತರುವಳು. ನಾನು ಅದನ್ನು ಬೋಗಾಣಿಗೆ ಹಾಕುವೆ. ಉಪ್ಪು ನುಚ್ಚು ಹೋಗಿ ಸಿಹಿ ಹುಗ್ಗಿಯಾಯಿತು. ಏರದ ಕೂಸಿಗೆ, ಇಳಿದ ಕೂಸಿಗೆ ದೇವರ ಬಾಕಿ ಎಂದು ಇನ್ನೊಂದು ಸೌಟು. ದುರ್ಗಿಗೆ ದಿನಾಲು ಎರಡು ಸೌಟು. "ದೇವರ ಬಾಕಿ ಹಾಕ್ರಿ" ಎಂದು ತಟ್ಟೆ ಮುಂದೆ ಮಾಡುತ್ತಿದ್ದಳು. ಸುಮನತಾಯಿಗೆ ಅದನ್ನು ಮರಾಠಿಯಲ್ಲಿ ತಿಳಿಸಿದಾಗ ಅವಳು ಬಿದ್ದು ಬಿದ್ದು ನಕ್ಕಳು, ಆಮೇಲೆ ನನ್ನ ಎರಡೂ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು. ಬೆಲ್ಲದ ವಾಸನೆ ವಾಡಿಯೊಳಗೂ ಹೋಯಿತು. ಟ್ರ್ಯಾಕ್ಸಿಗೆ ಹತ್ತುವ ಮಕ್ಕಳ ಸಣ್ಣ ತಮ್ಮ ತಂಗಿಯರು ತಟ್ಟೆ ಹಿಡಿದು ಬರತೊಡಗಿದರು. ಆಡು ಕಾಯುವ ಮಾತಾಡಿದ ತಾಯಿಯೇ ತನ್ನ ಕಿರಿಯವನನ್ನು ತಂದು ಬಿಟ್ಟು, "ಮನ್ಯಾಗ ಭಾಳ ಹಟಾ ಮಾಡತಾನ" ಎಂದಳು.

ಮ್ಯಾಡಮ್ ಬಂದ ದಿನ ಜಮಖಾನೆಯ ಮೇಲೆ ಜಾಗವಿರಲಿಲ್ಲ. ಅವರು ಮಕ್ಕಳನ್ನು ನೋಡಿದರು, ತೂಕ ಬರೆದದ್ದನ್ನು ನೋಡಿದರು. ಆಮೇಲೆ ಬೋಗಾಣಿಯ ಹತ್ತಿರ ಬಂದು ಬಗ್ಗಿದರು. "ಈ ತಿಂಗಳು ನಿಮಗೆ ಬೆಲ್ಲ ಬಂದಿಲ್ಲ. ಇದು ಎಲ್ಲಿಯದು?" ಸುಮನತಾಯಿಯ ಮುಖ ಬಿಳಿಚಿತು. ಮಕ್ಕಳ ಮನೆಯಿಂದ ಏನನ್ನೂ ತೆಗೆದುಕೊಳ್ಳಬಾರದೆಂದು ನಿಯಮ. ನಾನು ಸೌಟು ಹಿಡಿದು ನಿಂತಿದ್ದೆ. ನಾನು ಅಲ್ಲಿ ಯಾರೂ ಅಲ್ಲ, ಪಗಾರವಿಲ್ಲ, ಹೆಸರಿಲ್ಲ. ಅಷ್ಟರಲ್ಲಿ ದುರ್ಗಿ ಮ್ಯಾಡಮ್ಮಿನ ಸೀರೆ ಸರಿಸಿ ತಟ್ಟೆ ಒಡ್ಡಿದಳು. ನಾನು ಎರಡು ಸೌಟು ಹಾಕಿದೆ. "ಇವಳಿಗೇಕೆ ಎರಡು?" ಎಂದರು ಮ್ಯಾಡಮ್. ನನಗೆ ಹೇಗೆ ದನಿ ಬಂತೋ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಎಲ್ಲ ಹೇಳಿದೆ, ತುಲಾಭಾರ, ಖಾಲಿ ಗಾಡಿ, ಏರಿದಷ್ಟಕ್ಕೆ ಬೆಲ್ಲ, ದೇವರ ಬಾಕಿ.

ಅವರು ನಗಲಿಲ್ಲ, ಗದರಲೂ ಇಲ್ಲ. ಅಂಗೈಯಲ್ಲಿ ಸ್ವಲ್ಪ ಹಾಕಿಸಿಕೊಂಡು ತಿಂದರು. ಕೈ ತೊಳೆದುಕೊಳ್ಳುತ್ತ, "ಇದನ್ನ ನಾನು ನೋಡಿಲ್ಲ" ಎಂದರು. ಆಮೇಲೆ ಹೋಗುವಾಗ ಚಪ್ಪಲಿ ಹಾಕಿಕೊಳ್ಳುತ್ತ ಸುಮನತಾಯಿಗೆ ಹೇಳಿದರು: "ಸದ್ಯ ಇಲ್ಲೇ ಇರಲಿ. ಆದರ ಇವರು ಹೋಗೂ ಜನ, ಬಾಯಿ. ನನಗ ಇರೂ ಮಕ್ಕಳು ಬೇಕು."

ಕೆಟ್ಟ ಮಾತಲ್ಲ. ನಿಜವಾದ ಮಾತು. ಆದರೂ ಆ ಮೇಲಿನ ನನ್ನ ದಿನಗಳೆಲ್ಲ ಅದರ ನೆರಳಿನಲ್ಲೇ ಹೋದವು. ಹೋಳಿ ಹೋಯಿತು, ಯುಗಾದಿ ಪಾಡ್ಯ ಹೋಯಿತು, ಬಿಸಿಲು ಏರಿ ತಗಡು ಕಾದು ಮಕ್ಕಳನ್ನು ಬೇವಿನ ಕೆಳಗೆ ಕೂಡಿಸಿದೆವು. ದುರ್ಗಿ ಮತ್ತು ಸುಧಾ ಒಂದೇ ತಟ್ಟೆಯಲ್ಲಿ ಉಂಡು ಒಂದೇ ಸೆರಗಿನ ಕೆಳಗೆ ಮಲಗುತ್ತಿದ್ದರು. ನಾನು ಒಲೆಯ ಮುಂದೆ ಕೂತು ಅವರನ್ನು ನೋಡುತ್ತ, ಮಳೆ ಬಾರದಿರಲಿ ಎಂದು ಬೇಡಿಕೊಂಡಿದ್ದೇನೆ. ರೈತರ ಮನೆಯಲ್ಲಿ ಹುಟ್ಟಿದವಳು ಅಂಥದನ್ನು ಬೇಡಬಾರದು. ಬೇಡಿದೆ.

ಒಂದು ಮಧ್ಯಾಹ್ನ ಪಡುವಣದಲ್ಲಿ ಮೋಡ ಕಟ್ಟಿತು. ಸಾವ್ಕಾರರಿಂದ ಸುದ್ದಿ ಬಂತು, ಕ್ರಶರ್ ನಿಲ್ಲಿಸಿರಿ, ಮುಂದಿನ ವರ್ಷ ಬೇರೆ ಕಡೆ ಎಂದು. ಅದಕ್ಕೂ ಮೊದಲೇ, ಗುಡಿಸಲಿನವರು ಹೋಗುತ್ತಾರೆಂದು ತಿಳಿದು, ರಸ್ತೆಯ ಆಚೆಯ ಊರಿನವರು ಮ್ಯಾಡಮ್ಮಿನ ಒಪ್ಪಿಗೆ ಪಡೆದು ಟೆಂಪೋ ತಂದು ಪೆಟ್ಟಿಗೆ, ಜಮಖಾನೆ, ಬೋಗಾಣಿ, ತಕ್ಕಡಿ ಎಲ್ಲ ಒಯ್ದಿದ್ದರು. ಸುಮನತಾಯಿ ಇನ್ನು ದಿನಾಲು ರಸ್ತೆ ದಾಟಿ ಅಲ್ಲಿಗೇ ಹೋಗಬೇಕು. ಅವಳು ಕೊಕ್ಕೆಯ ಕೆಳಗೆ ನಿಂತು, "ಇದನ್ನ ಕಿತ್ತಿಲ್ಲ ನೋಡು, ತೊಲಿ ಒಡದೀತು ಅಂತ ಬಿಟ್ಟಾರ" ಎಂದಳು. ವಾಡಿಯ ಕೆಲವು ಮಕ್ಕಳು ಟ್ರ್ಯಾಕ್ಸ್ ಹತ್ತಿದವು. ಉಳಿದವು ಹೊಲದ ಬದುವಿಗೆ ಹೋದವು.

ಹೊರಡುವ ದಿನ ಗುಡಿಸಲುಗಳನ್ನೆಲ್ಲ ಕಿತ್ತು ಒಂದೇ ಲಾರಿಗೆ ತುಂಬಿದರು. ಬಿದಿರು, ಬೋಗಾಣಿ, ಸುತ್ತಿಗೆ, ಕೋಳಿಬುಟ್ಟಿ, ಮಕ್ಕಳು. ಹನಮವ್ವ ಇಳಿದು ನನ್ನ ಹತ್ತಿರ ಬಂದಳು. "ಬಾಯಾರ, ದುರ್ಗೀನ ಕಡೀ ಸಲ ತೂಗಬೇಕಿತ್ತು."

"ತಕ್ಕಡಿ ಒಯ್ದಾರ ಹನಮವ್ವಾ."

ಅವಳು ಸುತ್ತ ನೋಡಿದಳು. ಅವಳ ಕಣ್ಣು ಕಾಟಾದ ಮೇಲೆ ನಿಂತಿತು. ನಿಮ್ಮ ಅಜ್ಜ ಕೆಲಸವಿಲ್ಲದೆ ಒಂದು ನಾಯಿಯೂ ಆ ಹಾಸಿನ ಮೇಲೆ ಕಾಲಿಡಲು ಬಿಡದವರು. ಅಂದು ಅವರು ಕೋಣೆಯ ಕಿಟಕಿಯಿಂದ ನಮ್ಮಿಬ್ಬರನ್ನು ನೋಡಿದರು, ಆಮೇಲೆ ಡ್ರೈವರನಿಗೆ ಕೈ ಮಾಡಿದರು. "ತಾ, ಮ್ಯಾಲ ತಾ."

ಲಾರಿ ಕಾಟಾದ ಮೇಲೆ ಬಂದು ನಿಂತಿತು. ಎಲ್ಲರೂ ಉಸಿರು ಹಿಡಿದು ಕೂತರು, ಕೋಳಿ ಕೂಡ. ದುರ್ಗಿ ಹಲಗೆಯ ಮೇಲಿನಿಂದ ಇಣುಕಿ ನಗುತ್ತಿದ್ದಳು, ಹಣೆಗೆ ಭಂಡಾರ. ಒಳಗೆ ಅಜ್ಜ ಕಾಟಾದ ಕಡ್ಡಿಯ ಮೇಲಿನ ಗುಂಡು ಸರಿಸಿದರು, ಬಗ್ಗಿ ನೋಡಿದರು, ಮತ್ತೆ ಸರಿಸಿದರು.

"ಎಷ್ಟಾತ್ರಿ ಮುನೀಮರ?" ಹನಮವ್ವ ಕೂಗಿದಳು.

ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏರ್ಯದ" ಎಂದರು.

ಹನಮವ್ವ ಸೆರಗಿನ ಗಂಟು ಬಿಚ್ಚಿ ಒಂದು ತುಂಡು ಬೆಲ್ಲ ನನ್ನ ಅಂಗೈಯಲ್ಲಿ ಇಟ್ಟಳು. "ನುಚ್ಚಿಗೆ ಹಾಕ್ರಿ ಬಾಯಾರ" ಎಂದಳು. ಬೋಗಾಣಿಯೂ ಇಲ್ಲ, ಒಲೆಯೂ ಇಲ್ಲ ಎಂದು ಅವಳಿಗೂ ಗೊತ್ತಿತ್ತು. ಲಾರಿ ರಸ್ತೆಗೆ ತಿರುಗುವವರೆಗೆ ಸುಧಾ ಓಡಿದಳು. ಆಮೇಲೆ ಮೊದಲ ಹನಿಗಳು ಬಿದ್ದವು. ಧೂಳಿನ ಮೇಲೆ ದಪ್ಪ ದಪ್ಪ ಕಲೆ.

ಸಂಜೆ ನಾನು ಕೇಳಿದೆ, "ಖರೇನ ಏರಿತ್ತೇನ್ರಿ?"

ಅವರು ಕಾಲಿನ ಧೂಳು ತೊಳೆಯುತ್ತ ಹೇಳಿದರು: "ಆ ಕಾಟಾಕ್ಕ ಹುಡುಗೂರು ಕಾಣಾಂಗಿಲ್ಲ. ಅದು ಲಾರಿ ತೂಗೂದು. ಇಂಥಾ ಹತ್ತು ಕೂಸು ಇಳಿಸಿ ಹತ್ತಿಸಿದರೂ ಕಡ್ಡಿ ಅಲ್ಲಾಡಾಂಗಿಲ್ಲ."

"ಮತ್ತ ಏರ್ಯದ ಅಂದ್ರಿ?"

"ನಾ ಕಾಟಾ ನೋಡಿ ಹೇಳಲಿಲ್ಲ. ಹುಡುಗಿ ಮಾರಿ ನೋಡಿ ಹೇಳಿದೆ."

ಅಷ್ಟು ತಿಂಗಳು ಲಾರಿ ತೂಗಿದ ಮನುಷ್ಯ ಕಡ್ಡಿ ನೋಡದೆ ತೂಕ ಹೇಳಿದ್ದು ಅದೊಂದೇ ಸಲ. ನಾನು ಸ್ಟೋವ್ ಹಚ್ಚಿ ಮನೆಯ ಡಬ್ಬಿಯಲ್ಲಿದ್ದ ನುಚ್ಚು ಬೇಯಿಸಿ ಆ ಬೆಲ್ಲ ಹಾಕಿದೆ. ಮೂವರೂ ಉಂಡೆವು. ಸುಧಾ ಅಳುತ್ತಲೇ ತಟ್ಟೆ ಮುಂದೆ ಮಾಡಿ, "ದೇವರ ಬಾಕಿ ಹಾಕು" ಎಂದಳು. ನಾನು ಎರಡನೆಯ ಸೌಟು ಹಾಕಿದೆ.

ಹೋದ ತಿಂಗಳು ಮನೆಗೆ ಬಂದು ಅದೇ ಹುಗ್ಗಿ ಮಾಡಿದ್ದೆನಲ್ಲ, ನೀವಿಬ್ಬರೂ ಭಂಡಾರದ ಹಣೆ ತೊಳೆಯದೆಯೇ ಊಟಕ್ಕೆ ಕೂತಿರಿ. ಅಜ್ಜಿ, ಇನ್ನೊಮ್ಮೆ ಎಂದು ತಟ್ಟೆ ಒಡ್ಡಿದಿರಿ. ನನ್ನ ಕೈ ಸೌಟಿನ ಮೇಲೆ ಯಾಕೆ ಅಷ್ಟು ಹೊತ್ತು ನಿಂತಿತ್ತು ಎಂದು ನೀವು ಕೇಳಲಿಲ್ಲ. ದುರ್ಗಿ ಈಗ ಎಲ್ಲಿದ್ದಾಳೋ, ಅವಳಿಗೂ ನಿಮ್ಮ ವಯಸ್ಸಿನ ಮಕ್ಕಳಿರಬಹುದು. ಅವಳು ಎಷ್ಟು ಏರಿದಳೆಂದು ಆಮೇಲೆ ಯಾರೂ ತೂಗಿ ನನಗೆ ಹೇಳಲಿಲ್ಲ. ಹೇಳುವವರಿದ್ದರೆ, ಏರಿದಷ್ಟಕ್ಕೂ ನಾನೇ ಬೆಲ್ಲ ಕಟ್ಟಿಕೊಂಡು ಹೋಗುತ್ತಿದ್ದೆ.